ಟೆಸ್ಟರ್ ಶ್ಯಾಮಲಳ ಪಥ್ಯ

ನಾಲ್ಕೇ ತೂತು. ಹೊಕ್ಕುಳ ಹತ್ತಿರ ಒಂದು, ಅದರ ಮೇಲೆ ಮೂರು. ಅಷ್ಟರಲ್ಲೇ ಶ್ಯಾಮಲಳ ಪಿತ್ತಕೋಶವನ್ನು ಕಲ್ಲುಗಳ ಸಮೇತ ಹೊರಗೆ ತೆಗೆದು, ಮೂರನೇ ದಿನ ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ವಾರ ಕಳೆದರೆ ಕೂತು ಮಾಡುವ ಕೆಲಸಕ್ಕೆ ಹೋಗಬಹುದು, ಸ್ವಲ್ಪ ದಿನ ಎಣ್ಣೆ ತುಪ್ಪ ಕಡಿಮೆ ಮಾಡಿ, ಎಂದೂ ಡಾಕ್ಟರು ಹೇಳಿದ್ದರು. ಆಗ ಗಂಡ ಕಾಂತರಾಜ್ ಔಷಧಿ ಅಂಗಡಿಯ ಸಾಲಿನಲ್ಲಿದ್ದ. ಅತ್ತೆ ವರಲಕ್ಷ್ಮಮ್ಮ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು, ಆದರೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರ ಕಣ್ಣ ಮುಂದೆ ಇದ್ದದ್ದು ತಂಗಿ ಅನಸೂಯಮ್ಮ. ಮೂವತ್ತು ವರ್ಷದ ಹಿಂದೆ ಇದೇ ಕಲ್ಲಿಗೆ ಅವಳ ಹೊಟ್ಟೆಯನ್ನು ಗೇಣುದ್ದ ಕುಯ್ದಿದ್ದರು. ಇಪ್ಪತ್ತನೇ ದಿನಕ್ಕೇ ಕಳೆ ಕೀಳಲು ಕೂಲಿಗೆ ಹೋದಳು, ಹೊಲಿಗೆ ಬಿಚ್ಚಿ ಕೀವಾಯಿತು, ಹೋಗಿಬಿಟ್ಟಳು. ಹೊಟ್ಟೆ ಕುಯ್ಸಿಕೊಂಡ ಹೆಂಗಸು ಬಾಣಂತಿಯೇ ಎಂದು ವರಲಕ್ಷ್ಮಮ್ಮ ಅಂದೇ ತೀರ್ಮಾನಿಸಿದ್ದರು.

ಹಾಗಾಗಿ ಬೇತಮಂಗಲದ ಪಕ್ಕದ ತಮ್ಮ ಊರಿಗೆ ಬಂದಿಳಿದ ಸಂಜೆಯೇ ಸೊಸೆಗೆ ಬಾಣಂತಿ ಪಥ್ಯ ಶುರುವಾಯಿತು. ಹಳೇ ಸೀರೆಯ ನಡುಕಟ್ಟು, ಬೆಳಗ್ಗೆ ಮೇಕೆ ಕಾಲಿನ ಸೂಪು, ಎರಡು ಹೊತ್ತೂ ಮುದ್ದೆಗೆ ಗುಳಿ ಮಾಡಿ ತುಪ್ಪ. ಶ್ಯಾಮಲ ಬೇಡ ಎನ್ನಲಿಲ್ಲ. ಮನೆಯ ಹಸುವಿನ ಬೆಣ್ಣೆ ಕಾಯಿಸಿ ಅಷ್ಟು ಅಕ್ಕರೆಯಿಂದ ಬಡಿಸುವಾಗ ಯಾವ ಬಾಯಲ್ಲಿ ಬೇಡ ಎನ್ನುವುದು? ಅದೂ ಅಲ್ಲದೆ, ತುಪ್ಪ ತಿಂದರೆ ಶಕ್ತಿ ಬರುತ್ತದೆ ಎಂಬುದು ಅವಳ ತಲೆಯಲ್ಲೂ ಕೂತಿತ್ತು.

ಅವಳಿಗಿದ್ದ ಚಿಂತೆ ಒಂದೇ, ಡೇರಿ ಕೆಲಸ. ಊರಿನ ಹಾಲಿನ ಸಂಘದಲ್ಲಿ ಏಳು ವರ್ಷದಿಂದ ಅವಳೇ ಟೆಸ್ಟರ್. ಯಾರ ಹಾಲಿನಲ್ಲಿ ಎಷ್ಟು ಫ್ಯಾಟಿದೆ, ಯಾರು ನೀರು ಬೆರೆಸಿದ್ದಾರೆ ಎಂದು ಮಿಷನ್ನಿನಲ್ಲಿ ನೋಡಿ ಮುಖಕ್ಕೆ ಹೊಡೆದಂತೆ ಹೇಳುವವಳು. ಊರವರು ಅವಳನ್ನು ಕಾಂತರಾಜನ ಹೆಂಡತಿ ಎನ್ನುತ್ತಿರಲಿಲ್ಲ, ಟೆಸ್ಟರ್ ಶ್ಯಾಮಲಮ್ಮ ಎನ್ನುತ್ತಿದ್ದರು. ಹತ್ತು ದಿನ ಬಿಟ್ಟು ಬರುತ್ತೇನೆ ಎಂದು ಸೆಕ್ರೆಟರಿ ನಾಗೇಶನಿಗೆ ಹೇಳಿ, ಮಿಷನ್ನನ್ನು ಪಕ್ಕದ ಬೀದಿಯ ಕಲ್ಪನಳ ಕೈಗೆ ಕೊಟ್ಟು ಬಂದಿದ್ದಳು.

ಆಪರೇಷನ್ನಾದ ಐದನೇ ದಿನದಿಂದ ಹೊಟ್ಟೆ ಕೆಟ್ಟಿತು. ದಿನಕ್ಕೆ ಆರು ಸಲ, ಏಳು ಸಲ. ಆದರೂ ಹನ್ನೊಂದನೇ ದಿನ ಹಟ ಹಿಡಿದು ಡೇರಿಗೆ ಹೋದಳು. ಎಂಟನೇ ಕ್ಯಾನಿನ ಹಾಲು ನೋಡುವಷ್ಟರಲ್ಲಿ ಹೊಟ್ಟೆ ತಿರುಚಿತು. ಸಾಲಿನಲ್ಲಿ ನಿಂತ ಅರ್ಧ ಊರಿನ ಮುಂದೆ ಸೆರಗು ಬಿಗಿ ಹಿಡಿದು ಮನೆಗೆ ಓಡಬೇಕಾಯಿತು. ಆ ಅವಮಾನ ನೆನೆದರೆ ಅವಳಿಗೆ ಈಗಲೂ ಮೈ ಉರಿಯುತ್ತದೆ.

"ನಾನೇಳ್ಲಿಲ್ವಾ? ತೂತಾಕಿ ಎಳ್ದ್ರೆ ಒಳ್ಗಡೆ ಇನ್ನೇನೇನ್ ಕಿತ್ಕೊಂಡ್ ಬಂತೋ. ನಿಶ್ಶಕ್ತಿ ಕಣಮ್ಮ ಇದು. ಇನ್ನೊಂಚೂರು ತುಪ್ಪ ಆಕ್ತೀನಿ ತಾಳು," ಎಂದರು ಅತ್ತೆ.

"ಆಪರೇಷನ್ನೇ ಸರಿಯಾಗಿ ಮಾಡಿಲ್ಲ ಅನ್ಸುತ್ತೆ," ಎಂದು ಕಾಂತರಾಜ್ ಒಂದು ಮಾತು ಒಗೆದು, ಕೆಲಸಕ್ಕೆಂದು ಬಂಗಾರಪೇಟೆಯ ರೈಲು ಹಿಡಿಯಲು ಹೊರಟುಹೋದ.

ಇನ್ನೊಂದು ವಾರ ಹೀಗೇ ನರಳಿ, ಕೊನೆಗೆ ಶ್ಯಾಮಲ ಆಸ್ಪತ್ರೆಯ ನರ್ಸ್ ಅಂಬಿಕಳಿಗೆ ಫೋನ್ ಮಾಡಿದಳು.

"ಏನ್ ಊಟ ಮಾಡ್ತಿದೀರಾ ಅಕ್ಕ?"

ಶ್ಯಾಮಲ ಹೇಳಿದಳು.

"ಪಿತ್ತ ಕೂಡಿಡೋ ಚೀಲಾನೇ ತೆಗೆದಿದೀವಿ. ಅಷ್ಟು ತುಪ್ಪ ಒಂದೇ ಸಲ ಬಿದ್ರೆ ಹೊಟ್ಟೆ ತಡ್ಕೊಳ್ಳುತ್ತಾ? ಮೊದ್ಲು ತುಪ್ಪ, ಸೂಪು ನಿಲ್ಸಿ. ಮೂರು ದಿನದಲ್ಲಿ ಕಮ್ಮಿ ಆಗ್ಲಿಲ್ಲ ಅಂದ್ರೆ ಬಂದು ಡಾಕ್ಟ್ರಿಗೆ ತೋರ್ಸಿ."

ನಿಲ್ಲಿಸಿದಳು. ಅತ್ತೆ ಮುಖ ಊದಿಸಿಕೊಂಡರು. ಮೂರನೇ ದಿನ ಹೊಟ್ಟೆ ತಣ್ಣಗಾಯಿತು. ನಾಲ್ಕನೇ ದಿನ ಬೆಳಗ್ಗೆ ತಲೆ ಬಾಚಿಕೊಂಡು ಡೇರಿಗೆ ಹೋದರೆ, ಮಿಷನ್ನಿನ ಮುಂದೆ ಕೂತಿದ್ದ ಕಲ್ಪನ ಮೇಲೇಳಲಿಲ್ಲ.

"ಮೀಟಿಂಗ್ನಾಗೆ ಅವ್ಳನ್ನೇ ಖಾಯಂ ಮಾಡಿ ಬರ್ದಾಯ್ತಲ್ಲಕ್ಕಾ," ಎಂದ ನಾಗೇಶ್, ಅವಳ ಮುಖ ನೋಡದೆ. "ನಿಮ್ಮತ್ತೇನೇ ಬಂದು ಏಳೋದ್ರು. ಆಪರೇಷನ್ ಕೆಟ್ಟೋಗೈತೆ, ಮೂರ್ ತಿಂಗ್ಳು ನನ್ ಸೊಸೆ ಏಳಂಗಿಲ್ಲ, ಬೇರೇರ್ನ ನೋಡ್ಕಳಿ ಅಂತ."

ಶ್ಯಾಮಲ ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಅತ್ತೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದರು.

"ನನ್ ಆಪರೇಷನ್ ಕೆಟ್ಟಿರ್ಲಿಲ್ಲ ಅತ್ತೆ. ಕೆಡ್ಸಿದ್ದು ನಿಮ್ ತುಪ್ಪ. ನಾನೂ ಬಾಯ್ ಮುಚ್ಕೊಂಡ್ ತಿಂದೆ. ಆದ್ರೆ ನನ್ನೊಂದ್ ಮಾತು ಕೇಳ್ದೆ ಡೇರಿಗೆ ಯಾಕೋದ್ರಿ?"

ವರಲಕ್ಷ್ಮಮ್ಮ ಬಾಚುವುದನ್ನು ನಿಲ್ಲಿಸಿದರು.

"ಅನಸೂಯನೂ ಇಂಗೇ ಕೆಲ್ಸ ಕೆಲ್ಸ ಅಂತಿದ್ಲು," ಎಂದರು. "ಕೆಲ್ಸ ಓದ್ರೆ ಓಗ್ಲಿ. ನೀನಿದ್ದೀಯಲ್ಲ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಶ್ಯಾಮಲಳಿಗೆ ಅಳುವೂ ಬರಲಿಲ್ಲ, ಸಿಟ್ಟೂ ಇಳಿಯಲಿಲ್ಲ.

ಸಂಜೆ ಹಾಲು ಕರೆದು ಕ್ಯಾನು ತುಂಬಿದಳು. ಡೇರಿಯಲ್ಲಿ ಈಗ ಅವಳೂ ಎಲ್ಲರಂತೆ ಸಾಲಿನಲ್ಲಿ ನಿಲ್ಲಬೇಕು, ಕಲ್ಪನ ಹೇಳಿದ ಫ್ಯಾಟನ್ನು ಒಪ್ಪಿಕೊಳ್ಳಬೇಕು. ಹೊಸ್ತಿಲು ದಾಟುವಾಗ ಅತ್ತೆ ಹಿಂದೆಯೇ ಬಂದು ಕೈ ಚಾಚಿದರು.

"ಇತ್ತ ಕೊಡು, ಬಾರ ಎತ್ಬಾರ್ದು ನೀನು."

ಶ್ಯಾಮಲ ಕ್ಯಾನನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಡೇರಿಯ ಕಡೆ ನಡೆದಳು.