ಉಪ್ಪುನೀರಿನ ಮೇಲೆ ಎರಡು ದೀಪ

ಟ್ಯೂಬ್‌ಲೈಟ್ ಹೋಲ್ಡರಿನ ಸಂದಿಯಲ್ಲಿ ಮತ್ತೆ ಬಿಳಿ, ಬೆರಳಿಗೆ ಅಂಟಿ ಪುಡಿಯಾಗುವ ಬಿಳಿ, ಉಪ್ಪು, ನೀರು ಮೀನಿನ ತೊಟ್ಟಿಯಲ್ಲೇ ಇದ್ದರೂ ಉಪ್ಪು ಮಾತ್ರ ಹೇಗೋ ಮೇಲೆ ಹತ್ತಿ ಬರುತ್ತದೆ, ಗಾಜಿನ ಅಂಚಿಗೆ, ದೀಪ ಕೂರಿಸಿದ ಮುಚ್ಚಳದ ತಗಡಿಗೆ, ತಂತಿಯ ಬಾಯಿಗೆ, ಇಲಿಗಿಂತ ಕಳ್ಳ — ಕೆರೆಯುವುದೇ ಬೇಡ, ಹಳೆಯ ಹೋಲ್ಡರನ್ನೇ ಕಿತ್ತು ಬಕೆಟ್ಟಿಗೆ ಎಸೆದೆ, ಹೋಗು. ಸದ್ದಿಗೆ ಹಿಂದೆ ಸ್ಟೂಲು ಕಿರ್ರೆಂದಿತು. ಇವರು. ತಿರುಗಿ ನೋಡದೆಯೇ ಗೊತ್ತು ಹೇಗೆ ಕೂತಿದ್ದಾರೆಂದು, ಹುಬ್ಬು ಗಂಟಿಕ್ಕಿ, ಬೆರಳು ಮಡಚಿಕೊಂಡೇ ಉಳಿದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಅದು ಬೇರೆ ಯಾರದೋ ಸಾಮಾನು ಎಂಬಂತೆ. ಊರಿನಲ್ಲಿ ಯಾರ ಮನೆಯಲ್ಲಿ ಕಡಲ ಮೀನಿನ ತೊಟ್ಟಿ ಇದ್ದರೂ ಅದಕ್ಕೆ ದೀಪ ಕೂರಿಸಿದ್ದು ಆ ಕೈ. ಸುಟ್ಟದ್ದು ಮಾತ್ರ ನಮ್ಮದೇ ಅಂಗಡಿಯ ಈ ತೊಟ್ಟಿಯಲ್ಲಿ, ದೀಪ ಉರಿಯುತ್ತಿರುವಾಗಲೇ ಒಂದು ಕೈ ನೀರಿಗೆ ಹಾಕಿ ಇನ್ನೊಂದರಲ್ಲಿ ತಗಡು ಹಿಡಿದುಬಿಟ್ಟರು, ಬಾಯಿ ತೆರೆದಿತ್ತು, ಸದ್ದು ಬರಲಿಲ್ಲ, ಓಡಿಹೋಗಿ ಮೇನ್ ಎಳೆದವಳು ನಾನು — ಅದು ಯಾರಿಗೂ ನೆನಪಿಲ್ಲ, ಹೆಂಗಸಿಗೆ ಕರೆಂಟಿನ ಕೆಲಸ ಯಾಕೆ ಅನ್ನುವುದು ಮಾತ್ರ ಎಲ್ಲರ ಬಾಯಲ್ಲೂ ಇದೆ. ಯಾಕೆ, ಕರೆಂಟು ಮುಖ ನೋಡಿ ಹರಿಯುತ್ತದೆಯೇ?

ಅವತ್ತಿನಿಂದ ತೊಟ್ಟಿ ಕತ್ತಲಲ್ಲಿದೆ. ಕಿಟಕಿಯ ಬೆಳಕು ಹವಳಕ್ಕೆ ಎಲ್ಲಿ ಸಾಕು, ಅಂಚಿನಿಂದ ಬೆಳ್ಳಗಾಗುತ್ತಾ ಬರುತ್ತಿದೆ, ಮೀನುಗಳು ಕಲ್ಲಿನ ಹಿಂದೆ ಮುಖ ಮರೆಸಿಕೊಂಡಿವೆ. ಬೀದಿ ಕೊನೆಯ ವೈರ್‌ಮನ್‌ಗೆ ಹೇಳಿದರೆ ಬಾಗಿಲಲ್ಲೇ ನಿಂತು ಕೈ ಮುಗಿದ, ಉಪ್ಪುನೀರಿನ ಸಹವಾಸ ನಂಗೆ ಬೇಡಕ್ಕ, ಫ್ಯಾನು ಗೀನು ಇದ್ರೆ ಹೇಳಿ. ಮೈದುನ ಬಂದು ತೊಟ್ಟಿಯ ಉದ್ದ ಅಗಲ ಗೇಣಿನಲ್ಲಿ ಅಳೆದ, ಅತ್ತಿಗೆ, ಇದನ್ನ ತೆಗೆದ್ರೆ ಇಲ್ಲಿ ಮೊಬೈಲ್ ಕವರ್ ಇಡಬಹುದು, ಊಟ ಹಾಕೋ ಅಗತ್ಯ ಇಲ್ಲ ನೋಡಿ ಅವಕ್ಕೆ. ಅವನೇ ನಕ್ಕ. ಅತ್ತೆ ನಗಲಿಲ್ಲ, ನನ್ನ ಮಗನ ಕೈ ತಿಂದಿದ್ದು ಸಾಲ್ದಾ, ನೀನೂ ಹೋಗ್ಬೇಕಾ ಅದರ ಬಾಯಿಗೆ, ಅಂದರು, ಆ ಮಾತು ಕೇಳಿಸಿಕೊಂಡೇ ಹೋಗಿ ಹೊಸ ಹೋಲ್ಡರು, ತಂತಿ ತಂದಿಟ್ಟೆ. ಇವರು ಹೇಳಿದ್ದು ಒಂದೇ, ಬೇಡ ಅಂದ್ರೆ ಬೇಡ. ಯಾಕೆ ಅಂತ ಹೇಳಿ. ಬೇಡ. ಹೆದರಿಕೆ ಅಂತಾದ್ರೂ ಹೇಳಿ, ಕೇಳ್ತೀನಿ. ನಂಗ್ಯಾವ ಹೆದರಿಕೆ, ಅಂದು ಗೋಡೆ ಕಡೆ ತಿರುಗಿ ಮಲಗಿದರು. ಹಾಗಾದರೆ ನನಗೂ ಇಲ್ಲ.

ಇದೆ, ಸುಳ್ಳು ಯಾಕೆ, ಇದೆ — ಅದಕ್ಕೇ ನಡುವೆ ಯಾರೂ ಕರೆಂಟು ಕೊಡದಂತೆ ಮೇನಿನ ಫ್ಯೂಸ್ ಕಿತ್ತು ನನ್ನ ಜೇಬಿಗೆ ಹಾಕಿಕೊಂಡಿದ್ದೇನೆ, ನಡೆದಾಗಲೆಲ್ಲ ತೊಡೆಗೆ ಬಡಿಯುತ್ತದೆ, ಬಡಿಯಲಿ. ಟ್ಯೂಬು ಹೊತ್ತಿಸುವ ಚೋಕು ಇನ್ನು ನೀರಿನ ಮೇಲೆ ಇರುವುದಿಲ್ಲ, ಪಕ್ಕದ ಗೋಡೆಗೆ ಹೋಯಿತು, ಒಣಗಿದ ಗೋಡೆ, ಮೀನು ಎಷ್ಟೇ ಹಾರಿದರೂ ಅಲ್ಲಿಗೆ ಹನಿ ಸಿಡಿಯದು. ಅಲ್ಲಿಂದ ತಂತಿ ಜೋಲಾಗಿ ಇಳಿದು ಮತ್ತೆ ಮೇಲೇರುತ್ತದೆ, ತಂತಿಗುಂಟ ನೀರು ಬಂದರೂ ಆ ತಗ್ಗಿನಲ್ಲಿ ತೊಟ್ಟಿಕ್ಕಿ ನೆಲಕ್ಕೆ ಬೀಳಬೇಕು. ಟ್ಯೂಬಿನ ಎರಡೂ ತುದಿಗೆ ರಬ್ಬರ್ ಟೋಪಿ, ಒಂದು ಬಿಳಿ ಟ್ಯೂಬು, ಒಂದು ನೀಲಿ. ಅರ್ಥಿಂಗಿನ ಹಸಿರು ತಂತಿ ತಗಡಿಗೆ, ಸ್ಕ್ರೂ ಬಿಗಿ, ಇನ್ನೂ ಬಿಗಿ. ಕರೆಂಟು ಸೋರಿದರೆ ತಟ್ಟನೆ ತಾನೇ ಬೀಳುವ ಹೊಸ ಸ್ವಿಚ್ಚು, ಇದು ಅವತ್ತು ಇದ್ದಿದ್ದರೆ — ಇರಲಿಲ್ಲ, ಬಿಡು. ಇದೆಲ್ಲ ಕಲಿತದ್ದು ಯಾರಿಂದ, ಆ ಸ್ಟೂಲಿನ ಮೇಲೆ ಕೂತವರಿಂದಲೇ, ಏಣಿಯ ಕೆಳಗೆ ನಿಂತು ಸ್ಕ್ರೂಡ್ರೈವರ್ ಕೊಡುತ್ತಾ ಕೊಡುತ್ತಾ, ಅವರು ಕಲಿಸಲಿಲ್ಲ, ನಾನು ನೋಡುವುದನ್ನು ಬಿಡಲಿಲ್ಲ.

ಫ್ಯೂಸ್ ಹಾಕಿದೆ. ಸ್ವಿಚ್ಚು ಒತ್ತಿದೆ. ಟಕ್, ಬಿತ್ತು. ಬಾಗಿಲಲ್ಲಿದ್ದ ಮೈದುನ, ನಾನ್ ಹೇಳಿದ್ನಲ್ಲ ಅತ್ತಿಗೆ. ಏನು ಹೇಳಿದೆಯೋ ಮಾರಾಯ, ಮೊಬೈಲ್ ಕವರಿನ ವಿಷಯ ತಾನೇ? ಬಿದ್ದರೆ ಬೀಳಲಿ, ಬೀಳುವುದಕ್ಕೇ ತಂದದ್ದು ಅದನ್ನು, ಎಲ್ಲೋ ಸೋರುತ್ತಿದೆ ಅಂತ ಬಾಯಿಬಿಟ್ಟು ಹೇಳುತ್ತಿದೆ, ಈ ಮನೆಯಲ್ಲಿ ಅಷ್ಟು ನೇರವಾಗಿ ಮಾತಾಡುವವರು ಬೇರೆ ಯಾರಿದ್ದಾರೆ. ಫ್ಯೂಸ್ ಮತ್ತೆ ಜೇಬಿಗೆ. ಹೋಲ್ಡರ್ ನೋಡಿದೆ, ಒಣಗಿದೆ, ಟೋಪಿ ನೋಡಿದೆ, ಒಣಗಿದೆ, ಮತ್ತೆಲ್ಲಿ, ಎಲ್ಲಿ — ತಗಡಿನ ಕೆಳಗೆ ನೋಡು. ಯಾರು ಹೇಳಿದ್ದು? ಇವರು. ಎದ್ದು ನಿಂತಿದ್ದಾರೆ. ತಗಡಿನ ಅಂಚಿಗೆ ತಂತಿ ಸಿಕ್ಕಿರತ್ತೆ ನೋಡು. ನೋಡ್ತಾ ಇದ್ದೀನಿ, ಅಂದೆ, ನೋಡುತ್ತಿರಲಿಲ್ಲ. ಎತ್ತಿದರೆ ಅಲ್ಲೇ ಇದೆ, ಸಿಪ್ಪೆ ಸುಲಿದು ತಾಮ್ರ ಮಿನುಗುತ್ತಿದೆ. ಆ ತಂತಿಯನ್ನೇ ತೆಗೆದು ಹೊಸದು ಎಳೆದೆ, ಅಂಚಿನಿಂದ ದೂರ, ಟೇಪು ಸುತ್ತಿ ಮುಗಿಸುವ ಕೆಲಸವಲ್ಲ ಇದು. ಫ್ಯೂಸ್. ಸ್ವಿಚ್ಚು. ಬಿಳಿ ಹತ್ತಿತು, ನೀಲಿ ಎರಡು ಸಲ ಕಣ್ಣು ಹೊಡೆದು ಹತ್ತಿತು, ತೊಟ್ಟಿ ತಳದವರೆಗೆ ತೆರೆದುಕೊಂಡಿತು, ಅತ್ತೆ ಒಳಗಿನಿಂದ ಬಂದು ಕಂಬ ಹಿಡಿದು ನಿಂತರು. ಯಾರೂ ನೀರು ಮುಟ್ಟಬೇಡಿ, ನಾನು ಟೆಸ್ಟರ್ ಇಟ್ಟು ನೋಡ್ಬೇಕು ಮೊದಲು, ಅಂದೆ, ಟೆಸ್ಟರಿಗೆ ಕೈ ಚಾಚಿದೆ, ಅಷ್ಟರಲ್ಲಿ ಇವರು ನನ್ನನ್ನು ದಾಟಿ ಹೋದರು, ತೋಳು ಮಡಿಸಲಿಲ್ಲ, ನನ್ನ ಮುಖ ನೋಡಲಿಲ್ಲ, ಇಳಿಸಿಬಿಟ್ಟರು, ಮೊಣಕೈವರೆಗೆ — ಸುಟ್ಟದ್ದನ್ನಲ್ಲ, ಎಡಗೈ, ಒಳ್ಳೆಯ ಕೈ, ಉಳಿದಿರುವ ಒಂದೇ ಕೈ — ಸ್ವಿಚ್ಚು ಬೀಳಲಿಲ್ಲ, ಕರೆಂಟು ಹೊಡೆಯಲಿಲ್ಲ, ಅಂಗಿಯ ತೋಳು ನೀರಿನಲ್ಲಿ ಉಬ್ಬುತ್ತಿದೆ, ಬೆರಳು ಬಿಚ್ಚುತ್ತಿದೆ, ಒಂದೊಂದಾಗಿ, ಆ ಕೈ, ನೀಲಿಯಲ್ಲಿ, ಒಳ್ಳೆಯ ಕೈ, ಆ ಕೈ