ಶಾಸಕರ ಮನೆ ಮುಂದಿನ ಬೆಂಚು

ನಾನು ಒಂದು ಬೆಂಚು. ಸಾಗವಾನಿಯದಲ್ಲ, ಜಾಲಿಯದು. ಎರೆಹೊಲದ ಬದುವಿನಲ್ಲಿ ಬೆಳೆದವನು, ಚಕ್ಕಡಿಯ ಗಾಲಿಯಾಗಬೇಕಿತ್ತು. ಬಡಿಗೇರ ಮೌನೇಶಪ್ಪ ನನ್ನನ್ನು ಬಾಚಿಯಿಂದ ಕೆತ್ತುತ್ತಿದ್ದಾಗ ಶಾಸಕ ವೀರನಗೌಡರ ಮನೆಯ ಆಳು ಬಂದು, "ಮನಿ ಮುಂದ ಮಂದಿ ಕುಂದ್ರಾಕ ಒಂದು ಬೆಂಚು ಬೇಕಂತ, ಗಟ್ಟಿ ಇರಲಿ" ಎಂದ. ಗಾಲಿಯಾಗಿದ್ದರೆ ನಾಲ್ಕು ಊರು ತಿರುಗುತ್ತಿದ್ದೆ. ಬೆಂಚಾಗಿ ಒಂದೇ ಕಡೆ ನಿಂತೆ, ನಾಲ್ಕೂರಿನ ಮಂದಿ ನನ್ನ ಹತ್ತಿರವೇ ಬಂದರು.

ಬೆಳಗಾಗುವುದೇ ತಡ, ನನ್ನ ಮೇಲೆ ಜಾಗ ಹಿಡಿಯಲು ನೂಕಾಟ. ಒಬ್ಬನಿಗೆ ಜಾತಿ ಪ್ರಮಾಣಪತ್ರ, ಒಬ್ಬಳಿಗೆ ವಿಧವಾ ವೇತನ, ಇನ್ನೊಬ್ಬನಿಗೆ ಹೊಲದ ಪಹಣಿ. ವೀರನಗೌಡರು ಸ್ನಾನ, ಪೂಜೆ, ನಾಷ್ಟಾ ಮುಗಿಸಿ ಹೊರಗೆ ಬಂದು ಚೀಟಿ ಬರೆಯುತ್ತಿದ್ದರು: "ಇವರು ನಮ್ಮವರು. ಕೆಲಸ ಮಾಡಿಕೊಡುವುದು." ಅವರೇನೂ ಕೆಟ್ಟವರಲ್ಲ. ಬಂದವರಿಗೆ ಚಹಾ ಕೊಡದೆ ಕಳಿಸಿದ್ದನ್ನು ನಾನು ಕಂಡಿಲ್ಲ. ಆದರೆ ಆ ಚೀಟಿಯಿಲ್ಲದೆ ತಾಲ್ಲೂಕು ಕಚೇರಿಗೆ ಹೋದರೆ, ಏನು ಕೆಲಸ ಎಂದು ಕೇಳುವ ಮೊದಲೇ ಗುಮಾಸ್ತರು, "ಯಾರ ಕಡೆಯಿಂದ ಬಂದೀರಿ?" ಎನ್ನುತ್ತಿದ್ದರಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತನ್ನು ನಾನು ಕಲಿತದ್ದು ನನ್ನ ಮೇಲೆ ಕುಳಿತವರ ಬಾಯಿಂದಲೇ.

ಒಂದು ದಿನ ದಲಾಲಿ ಅಂಗಡಿಯ ಗದಿಗೆಪ್ಪ ಸಾಹುಕಾರರು ಬಂದು ಕುಳಿತರು. ತಂದೆ ತೀರಿಕೊಂಡಿದ್ದರು, ಹೊಲ ಇವರ ಹೆಸರಿಗೆ ಆಗಬೇಕಿತ್ತು. ಹಳೇ ಕಾಲದ ಮನುಷ್ಯ. ಹರಿದ ಲಕೋಟೆಯ ಒಳಮಗ್ಗುಲಲ್ಲಿ ಲೆಕ್ಕ ಬರೆಯುವವರು, ಯಾರ ಮುಂದೆಯೂ ಕೈಚಾಚದವರು. ಮಧ್ಯಾಹ್ನದ ಹೊತ್ತಿಗೆ ಚೀಟಿ ಸಿಕ್ಕಿತು. ಅದರಲ್ಲಿನ "ನಮ್ಮವರು" ಎಂಬ ಮಾತನ್ನು ಅವರು ಬಹಳ ಹೊತ್ತು ನೋಡುತ್ತ ಕುಳಿತರು. ಕಳೆದ ಚುನಾವಣೆಯಲ್ಲಿ ಗೌಡರ ವಿರುದ್ಧ ಮತ ಹಾಕಿದವರು ಅವರು.

"ನನ್ನ ಹೊಲ ನನ್ನ ಹೆಸರಿಗೆ ಆಗಾಕ ನಾನು ಇವರವ ಆಗಬೇಕೇನು?" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಕೇಳಿದ್ದು ನಾನೊಬ್ಬನೇ.

ಆಮೇಲೆ ಗೌಡರ ಮನೆಗೆ ಪ್ಲಾಸ್ಟಿಕ್ ಕುರ್ಚಿಗಳು ಬಂದವು. ನನ್ನನ್ನು ಬಸ್ ನಿಲ್ದಾಣದ ಚಹಾದಂಗಡಿಗೆ ಸಾಗಹಾಕಿದರು. ಅಲ್ಲಿ ಕೆಲವು ವರ್ಷ ಎಲೆಯಡಿಕೆಯ ಕಲೆ, ಬಿಸಿ ಗ್ಲಾಸಿನ ಗುರುತು ಹೊತ್ತು ಕಳೆದೆ. ಬದುಕು ಅಲ್ಲಿಗೇ ಮುಗಿಯಿತು ಅಂದುಕೊಂಡಿದ್ದಾಗ ಗದಿಗೆಪ್ಪನವರು ಚಹಾ ಕುಡಿಯಲು ಬಂದರು. ಎಡಗಡೆ ಕಾಲಿನ ಹತ್ತಿರ ನನಗೊಂದು ಗಂಟಿದೆ. ಅದನ್ನು ಬೆರಳಿಂದ ಮುಟ್ಟಿ ನೋಡಿದರು, ಗುರುತು ಹಿಡಿದರು. ಅವತ್ತೇ ಕೊಂಡು ಟೆಂಪೋಕ್ಕೆ ಏರಿಸಿದರು.

ಅವರು ವಿಧಾನಸಭೆಗೆ ಪಕ್ಷೇತರರಾಗಿ ನಿಂತಿದ್ದರು. ಊರೂರಿಗೆ ನನ್ನನ್ನು ಒಯ್ದು ನಡುಬೀದಿಯಲ್ಲಿ ಇಳಿಸಿ, ನನ್ನ ಪಕ್ಕದಲ್ಲಿ ನಿಂತು ಮಾತಾಡುತ್ತಿದ್ದರು.

"ಈ ಬೆಂಚು ನೋಡ್ರಿ. ನಿಮ್ಮಪ್ಪ ಇದರ ಮ್ಯಾಲೆ ಕುಂತಾನ, ನೀವು ಕುಂತೀರಿ, ನಾನೂ ಕುಂತೀನಿ. ನಾ ಗೆದ್ದರ ನಮ್ಮ ಮನಿ ಮುಂದ ಬೆಂಚು ಇರೂದಿಲ್ಲ. ಚೀಟಿ ಬರಿಯೂದಿಲ್ಲ. ಹೊಸಾ ಯೋಜನಾ ತರ್ತೀನಿ ಅಂತ ಸುಳ್ಳು ಹೇಳೂದಿಲ್ಲ, ಇದ್ದದ್ದನ್ನ ನೆಟ್ಟಗ ಮಾಡ್ತೀನಿ. ಏಳು ಸಹಿ ಬೇಡೂ ಕಾಗದಕ್ಕ ಎರಡು ಸಾಕು. ಮಂದಿ ರೊಕ್ಕದಾಗ ಕಟ್ಟಿದ ಗ್ವಾಡಿಗೆ ನನ್ನ ಹೆಸರಿನ ಕಲ್ಲು ಬ್ಯಾಡ. ಎರಡು ಸಲಕ್ಕಿಂತ ಹೆಚ್ಚಿಗೆ ನಿಲ್ಲೂದಿಲ್ಲ, ಮಗನ್ನ ನಿಲ್ಲಸೂದಿಲ್ಲ. ಸರ್ಕಾರ ಸಣ್ಣದಿರಬೇಕು, ಊರ ಬಾವಿ ಇದ್ದಂಗ. ಹಿಂದಕ ಬಾವಿ ನೀರಿಗೆ ಯಾರರ ಚೀಟಿ ಕೇಳತಿದ್ರೇನು?"

ಕಡೆಯ ಮಾತಿಗೆ ಎಲ್ಲ ಕಡೆ ಚಪ್ಪಾಳೆ ಬೀಳುತ್ತಿತ್ತು. ಒಂದೂರಿನಲ್ಲಿ ಮಾತ್ರ ಗುಂಪಿನ ಹಿಂದೆ ದೂರದಲ್ಲಿ ನಿಂತಿದ್ದ ಫಕೀರವ್ವ ಎಂಬ ಹೆಂಗಸು, "ಬಾವಿ ನೀರು ಎಲ್ಲಾರಿಗೂ ಎಲ್ಲಿ ಸಿಗತಿತ್ರೀ, ಸಾಹುಕಾರ್ರ? ನಮ್ಮ ಕೇರಿಯವರು ಕೊಡ ಹಿಡಕೊಂಡು ದೂರ ನಿಂದರತಿದ್ವಿ, ಯಾರರ ಹೊಯ್ಯೂತನಾ" ಎಂದಳು.

ಗದಿಗೆಪ್ಪನವರು ಮರುದಿನದಿಂದ ಬಾವಿಯ ಮಾತು ಬಿಟ್ಟರು. ಹಳೆಯದೆಲ್ಲ ಒಳ್ಳೆಯದೆಂದು ನಂಬಿದ್ದ ಮನುಷ್ಯ ಅಷ್ಟು ಬೇಗ ಒಂದು ಮಾತು ನುಂಗಿಕೊಂಡರಲ್ಲ ಎಂದು ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ.

ಚುನಾವಣೆಯಲ್ಲಿ ಒಂದು ತಮಾಷೆ ನಡೆಯಿತು. ಅವರ ಚಿಹ್ನೆ ಹೊಲಿಗೆ ಯಂತ್ರ. ಊರೂರಲ್ಲಿ ನನ್ನನ್ನೇ ನೋಡಿದ್ದ ಎಷ್ಟೋ ಮುದುಕರು ಮತಯಂತ್ರದಲ್ಲಿ ಬೆಂಚು ಹುಡುಕಿ, ಸಿಗದೆ, ಬೇರೆ ಯಾವುದನ್ನೋ ಒತ್ತಿ ಬಂದರಂತೆ. ಹಾಗಿದ್ದೂ ಕೂದಲೆಳೆಯಲ್ಲಿ ಗೆದ್ದರು.

ಗೆದ್ದವರು ಮಾತು ಉಳಿಸಿಕೊಂಡರು. ನನ್ನನ್ನು ಮನೆಯ ಪಡಸಾಲೆಯ ಒಳಮೂಲೆಗೆ, ಕಾಳಿನ ಚೀಲಗಳ ಸಾಲಿಗೆ ನೂಕಿದರು. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಜನ ಬರುವುದು ನಿಲ್ಲಲಿಲ್ಲ. ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದರು, ನೆರಳು ಸರಿದಂತೆ ತಾವೂ ಸರಿಯುತ್ತಿದ್ದರು. ಗದಿಗೆಪ್ಪನವರು ಹೊರಗೆ ಬಂದು ಕೈಮುಗಿದು, "ಚೀಟಿ ಕೊಡೂದಿಲ್ರಿ. ಕಚೇರಿಗೆ ಹೋಗ್ರಿ, ಕಾಯ್ದೆ ಪ್ರಕಾರ ಆಗ್ತೈತಿ" ಎನ್ನುತ್ತಿದ್ದರು. ಕಚೇರಿಯಲ್ಲಿ ಗುಮಾಸ್ತರು ಯಾರ ಕಡೆಯಿಂದ ಎಂದು ಕೇಳುವುದು, ಇವರು ಯಾರ ಕಡೆಯಿಂದಲೂ ಇಲ್ಲ ಎನ್ನುವುದು, ನಾಳೆ ಬಾ ಎನ್ನಿಸಿಕೊಂಡು ತಿರುಗಿ ಬರುವುದು. ಕೈಯಲ್ಲಿ ಬೇರೆ ದೊಡ್ಡವರ ಚೀಟಿ ಇದ್ದವರ ಕೆಲಸ ಮಾತ್ರ ಮೊದಲಿನಂತೆಯೇ ಆಗುತ್ತಿತ್ತು. ಗದಿಗೆಪ್ಪನವರ ಪ್ರಾಮಾಣಿಕತೆಯ ಬಿಸಿ ತಟ್ಟಿದ್ದು ಯಾರೂ ದಿಕ್ಕಿಲ್ಲದವರಿಗೆ.

ಫಕೀರವ್ವನಿಗೂ ತಟ್ಟಿತು. ಅವಳ ವಿಧವಾ ವೇತನ ನಿಂತುಹೋಗಿತ್ತು, ಯಾಕೆಂದು ಯಾರೂ ಹೇಳುತ್ತಿರಲಿಲ್ಲ. ಒಲೆ ಹೊತ್ತುತ್ತಿದ್ದುದೇ ಆ ದುಡ್ಡಿನಿಂದ. ಮತ್ತೆ ಮತ್ತೆ ಬಂದು, ಮತ್ತೆ ಮತ್ತೆ ಹೋದಳು. ಒಂದು ಬೇಸಿಗೆಯ ಮಧ್ಯಾಹ್ನ ನಿಲ್ಲಲಾಗದೆ ಬಿಸಿಲಿನ ನೆಲದ ಮೇಲೆಯೇ ಕುಳಿತುಬಿಟ್ಟಳು. ಸಾಹುಕಾರರ ಹೆಂಡತಿ ಶಾಂತವ್ವ ನೀರಿನ ತಂಬಿಗೆ ತಂದರು. ನೀರು ಕುಡಿದು ಫಕೀರವ್ವ ಗದಿಗೆಪ್ಪನವರನ್ನು ನೋಡಿ ಹೇಳಿದಳು:

"ಬೆಂಚು ತಗದ್ರಿ, ಸಾಹುಕಾರ್ರ. ಕಾಯೂದು ತಗೀಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಆ ಮಾತು ಅವರಿಗೆ ನಾಟಿತು. ಶಾಂತವ್ವ ಗಂಡನ ಕಡೆ ತಿರುಗಿ, "ನಿಮ್ಮ ಮಾತು ಉಳೀತು ಖರೆ. ಆಕಿ ಒಲಿ ಆರಿತಲ್ರಿ" ಎಂದರು.

ಮರುದಿನ ಬೆಳಿಗ್ಗೆ ನಾನು ಮತ್ತೆ ಟೆಂಪೋ ಏರಿದೆ. ತಾಲ್ಲೂಕು ಕಚೇರಿಯ ವರಾಂಡದಲ್ಲಿ ಕುಳಿತುಕೊಳ್ಳಲು ಒಂದು ಹಲಗೆಯೂ ಇರಲಿಲ್ಲ. ಅಲ್ಲಿ ನನ್ನನ್ನು ಇಳಿಸಿ, ಫಕೀರವ್ವನನ್ನು ಕೂರಿಸಿ, ಪಕ್ಕದಲ್ಲಿ ಶಾಸಕರೂ ಕುಳಿತರು. ಒಳಗೆ ಗದ್ದಲ ಎದ್ದಿತು. ಜವಾನ ಕುರ್ಚಿ ತಂದ, ತಹಶೀಲ್ದಾರರು ಓಡಿ ಬಂದರು.

"ಸರ್, ಒಳಗ ಬರ್ರಿ."

"ನಂದೇನೂ ಕೆಲಸಿಲ್ರಿ. ಈ ತಾಯಿದು ಐತಿ. ಆಕಿ ಪಾಳಿ ಬಂದಾಗ ಕರೀರಿ."

ಪಾಳಿ ತಕ್ಷಣ ಬಂತು. ಎಲ್ಲೋ ಸಿಕ್ಕಿಬಿದ್ದಿದ್ದ ಕಾಗದ ತಾನಾಗಿ ಎದ್ದು ಬಂದಂತೆ ಬಂತು. ಹೊರಗೆ ಬಂದ ಫಕೀರವ್ವನ ಮುಖದಲ್ಲಿ ನಗು.

"ಚೀಟಿ ಬರೀಲಿಲ್ಲ ಖರೆ. ಇವತ್ತ ನೀವ ಚೀಟಿ ಆಗಿ ಕುಂತ್ರಿ. ನಾಳೆ ಮತ್ತೊಬ್ಬಾಕಿ ಸಂಗಾಟ ಯಾರು ಕುಂದರತಾರ?"

ಗದಿಗೆಪ್ಪನವರು ನಗಲಿಲ್ಲ. ಸಂಜೆಯವರೆಗೆ ಅಲ್ಲೇ ಕುಳಿತು, ಒಳಗೆ ಹೋಗುವವರನ್ನೂ ಬರಿಗೈಲಿ ಹೊರಬರುವವರನ್ನೂ ನೋಡಿದರು. ಹೋಗುವಾಗ ನನ್ನನ್ನು ಅಲ್ಲಿಯೇ ಬಿಟ್ಟರು.

ಆಮೇಲೆ ಅವರು ಮಾಡಿದ್ದೆಲ್ಲ ರುಚಿಯಿಲ್ಲದ ಕೆಲಸ. ಯಾವ ಕೆಲಸಕ್ಕೆ ಯಾವ ಕಾಗದ ಎಂದು ಗೋಡೆಗೆ ಫಲಕ ಹಾಕಿಸಿದರು. ಬಂದವರಿಗೆ ಪಾಳಿಯ ಬಿಲ್ಲೆ ಕೊಡುವ ಪದ್ಧತಿ ತಂದರು. ಕೆಲಸ ಆಗದಿದ್ದರೆ ಯಾಕಾಗದೆಂದು ಬರೆದುಕೊಡಬೇಕೆಂದು ಹಟ ಹಿಡಿದರು. ವಿಧಾನಸಭೆಯಲ್ಲಿ ಸಹಿಗಳ ಬಗ್ಗೆಯೇ ಮಾತಾಡುತ್ತಿದ್ದರಂತೆ, ಅರ್ಧ ಸದನ ಎದ್ದು ಚಹಾಕ್ಕೆ ಹೋಗುತ್ತಿತ್ತಂತೆ. ಏಳು ಸಹಿ ಎರಡಕ್ಕೆ ಇಳಿಯಲಿಲ್ಲ. ಮೂರಕ್ಕೆ ನಿಂತಿತು.

ಮುಂದಿನ ಚುನಾವಣೆಯಲ್ಲಿ ಸೋತರು. ನನ್ನ ಮೇಲೆ ಕುಳಿತೇ ಜನ ಮಾತಾಡಿಕೊಂಡರು: "ಐದು ವರ್ಷದಾಗ ಏನು ಮಾಡಿದಾ? ಒಂದು ಚೀಟಿ ಬರೀಲಿಲ್ಲ, ಒಂದು ಕಲ್ಲು ನೆಡಲಿಲ್ಲ." ಹಾಗೆಂದವನ ಕೈಯಲ್ಲಿ ಪಾಳಿಯ ಬಿಲ್ಲೆ ಇತ್ತು. ನನಗೆ ಬಾಯಿ ಇಲ್ಲ, ಇದ್ದಿದ್ದರೆ ಅವತ್ತು ಜಗಳವೇ ಆಗುತ್ತಿತ್ತು.

ಈಗ ನನಗೆ ವಯಸ್ಸಾಗಿದೆ. ಒಂದು ಕಾಲಿಗೆ ಕಬ್ಬಿಣದ ಪಟ್ಟಿ ಹೊಡೆದಿದ್ದಾರೆ. ಫಕೀರವ್ವ ಹೋಗಿ ಬಹಳ ಕಾಲವಾಯಿತು. ಕಚೇರಿ ಪೂರಾ ಸುಧಾರಿಸಿದೆ ಎಂದರೆ ಸುಳ್ಳಾಗುತ್ತದೆ. ಭೂಮಾಪನದ ಕಿಟಕಿಯಲ್ಲಿ ಈಗಲೂ ಯಾರ ಕಡೆಯವರು ಎಂದು ಕೇಳುತ್ತಾರೆ. ಉಳಿದ ಕಿಟಕಿಗಳಲ್ಲಿ ಆ ಪ್ರಶ್ನೆ ಕೇಳಿ ವರ್ಷಗಳಾದವು.

ಮೊನ್ನೆ ಮುದುಕರೊಬ್ಬರು ಕೋಲೂರಿಕೊಂಡು ಬಂದು ನನ್ನ ಮೇಲೆ ಕುಳಿತರು. ಬೆರಳು ನನ್ನ ಗಂಟನ್ನು ಹುಡುಕಿತು. ಆಗ ಗೊತ್ತಾಯಿತು, ಗದಿಗೆಪ್ಪನವರು. ಶಾಂತವ್ವ ತೀರಿಕೊಂಡಿದ್ದರು. ಒಂದು ತುಂಡು ಹೊಲ ಆಕೆಯ ಹೆಸರಿನಲ್ಲಿತ್ತು, ಅದನ್ನು ತಮ್ಮ ಹೆಸರಿಗೆ ಮಾಡಿಸಬೇಕಿತ್ತು.

ಪಕ್ಕದಲ್ಲಿದ್ದ ಹೆಂಗಸು ಅವರು ಕಾಗದಗಳನ್ನು ಮತ್ತೆ ಮತ್ತೆ ಬಿಚ್ಚಿ ಮಡಚುವುದನ್ನು ನೋಡಿ, "ಯಾಕ ಅಂಜತೀ, ಯಜ್ಜಾ? ಇಲ್ಲಿ ಯಾರ ಚೀಟಿನೂ ಬೇಕಿಲ್ಲ. ಬಿಲ್ಲೆ ತಗೊಂಡು ಕುಂದರು, ಕರೀತಾರ" ಎಂದಳು.

"ಹೌದೇನವಾ?" ಎಂದರು ಅವರು.

"ಹೌದು. ಮೊದಲಿಂದನೂ ಹಿಂಗ ಐತಿ."

ಅವರ ಪಾಳಿ ಬಂತು, ಎದ್ದು ಹೋದರು. ಕಿಟಕಿಯ ಆಚೆ ಇದ್ದ ಎಳೆಯ ಹುಡುಗಿ ತಲೆ ಎತ್ತಿ, "ಏನು ಕೆಲಸ, ಅಜ್ಜಾರ?" ಎಂದಳು. ಅಷ್ಟೇ ಕೇಳಿದಳು. ಹೆಸರು ಬರೆದುಕೊಂಡಾಗಲೂ ಅವಳಿಗೆ ಗುರುತು ಸಿಗಲಿಲ್ಲ.

ಕಾಗದ ಹಿಡಿದು ಹೊರಗೆ ಬಂದವರು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಮತ್ತೆ ನನ್ನ ಮೇಲೆ ಕುಳಿತರು. ಕಣ್ಣು ಒರೆಸಿಕೊಂಡರು. ಅದು ಶಾಂತವ್ವನಿಗಾಗಿಯೋ, ಇನ್ನೊಂದಕ್ಕೋ, ನನಗೆ ತಿಳಿಯದು. ಆಮೇಲೆ ಗೋಡೆಗೆ ಒರಗಿ ನೆಮ್ಮದಿಯಿಂದ ಬಿಸಿಲು ನೋಡುತ್ತ ಕೂತರು.

ಇಷ್ಟು ವರ್ಷಗಳಲ್ಲಿ ಯಾವುದಕ್ಕೂ ಕಾಯದೆ ನನ್ನ ಮೇಲೆ ಕುಳಿತ ಮನುಷ್ಯ ಅವರೊಬ್ಬರೇ.