ನಾಗಮಂಗಲಮ್ಮ ಯಾರು?

ನನ್ನೆಸ್ರು ಚಲುವಮ್ಮ. ಮೊದ್ಲೇ ಯೋಳ್ಬುಡ್ತೀನಿ, ಯಾಕಂದ್ರೆ ಬೆಳಗೊಳದಲ್ಲಿ ಯಾರ್ನಾದ್ರೂ ಕೇಳುದ್ರೆ ಅಂಥೋಳು ಈ ಊರಲ್ಲೇ ಇಲ್ಲ ಅಂತಾರೆ.

ನಾಗಮಂಗಲದಿಂದ ಸೊಸೆಯಾಗಿ ಬಂದೋಳು ನಾನು. ಬಂದ ದಿನ ನಮ್ಮತ್ತೆ ‘ನಾಗಮಂಗ್ಲದೋಳು’ ಅಂದ್ಬುಟ್ರು, ಊರೋರೂ ಅದ್ನೇ ಇಡ್ಕಂಡ್ರು. ನಮ್ಮನೆಯೋರಿಗೆ ನಾನು ಬರೀ ‘ಅಮ್ಮಿ’. ತವರಿಗಾದ್ರೂ ಓಗಾನ ಅಂದ್ರೆ, ಅತ್ತಿಗೆ ಬಾಗ್ಲಲ್ಲೇ ‘ಬೆಳಗೊಳದೋರು ಬಂದವ್ರೆ, ಕಾಫಿಗಿಡಿ’ ಅಂತಾಳೆ. ಬಸ್ಸು ಬದಲಾಯಿಸುವಾಗ ಪಾಂಡವಪುರದ ಸ್ಟ್ಯಾಂಡಲ್ಲೇ ಎಲ್ಲೋ ನನ್ನೆಸ್ರು ಬಿದ್ದೋಗಿರ್ಬೇಕು.

ಇರ್ಲಿ ಬುಡು ಅಂತ ಸುಮ್ಕಿದ್ದೆ. ತೊಂಬತ್ತೈದರಲ್ಲಿ ಓಟಿಗೆ ಫೋಟೋ ಕಾರ್ಡು ಮಾಡ್ತೀವಿ ಅಂತ ಮೇಷ್ಟ್ರು ಪಟ್ಟಿ ಇಡ್ಕಂಡು ಬಂದ್ರು. ಜಗಲಿ ಮೇಲೆ ಕೂತು ಓದುದ್ರು: “ದೇವರಾಜು. ಹೆಂಡತಿ, ನಾಗಮಂಗಲಮ್ಮ.”

“ಯಾವಳ್ರೀ ಅವ್ಳು?” ಅಂದೆ.

ಹಿಂದೆ ಪಟ್ಟಿ ಬರ್ಕೊಳ್ಳಕ್ಕೆ ಬಂದಾಗ ನಾನು ಗದ್ದೇಲಿದ್ನಂತೆ. ಸೊಸೆ ಯಾರು ಅಂತ ಮೇಷ್ಟ್ರು ಕೇಳವ್ರೆ, ಅತ್ತೆ ‘ನಾಗಮಂಗ್ಲದೋಳು’ ಅಂದವ್ರೆ, ಮೇಷ್ಟ್ರು ಕೊನೇಗೊಂದು ‘ಅಮ್ಮ’ ಅಂಟಿಸವ್ರೆ. ನನಗೆ ಮೈಯೆಲ್ಲ ಉರ್ದೋಯ್ತು. ಮೂತಿ ನಂದು, ಹೆಸ್ರು ಊರಿನದಾ?

“ಈಗ್ಲೇ ತಿದ್ದಿ ಮೇಷ್ಟ್ರೇ. ಇಲ್ದಿದ್ರೆ ನಾನು ಫೋಟೋಕ್ಕೆ ಕೂರಕಿಲ್ಲ.”

“ಮನೆಯೋರು ಯಾರಾದ್ರೂ ಹೇಳ್ಬೇಕಮ್ಮ. ಯಜಮಾನ್ರೇ, ನಿಮ್ಮ ಹೆಂಡ್ತಿ ಹೆಸರೇನು?”

ನಮ್ಮನೆಯೋರು ಟವಲ್ಲನ್ನ ಈ ಹೆಗಲಿಂದ ಆ ಹೆಗಲಿಗೆ ಹಾಕಂಡ್ರು. “ನಾನು ಅಮ್ಮಿ ಅಂತೀನಿ ಮೇಷ್ಟ್ರೇ...”

“ಅಮ್ಮಿ ಅಂತ ಬರೀಲಾ?”

ಪಕ್ಕದ್ಮನೆ ಮುದ್ದಯ್ಯ ಬಿದ್ದೂ ಬಿದ್ದೂ ನಕ್ಕ. “ಲೇ ದೇವರಾಜು, ಎಮ್ಮೆಗೂ ಹೆಸ್ರಿಟ್ಟಿದ್ದೀಯ ಕಣ್ಲಾ!”

“ಗೊತ್ತು ಕಣ್ಲಾ, ನಾಲ್ಗೆ ತುದೀಲೇ ಐತೆ!”

ಎಲ್ರೂ ನಗೋರೇ. ನಾನು ಮಾತ್ರ ಸೆರಗು ಬಾಯಿಗಿಟ್ಕಂಡು ಅತ್ಬುಟ್ಟೆ. ಇಷ್ಟು ವರ್ಷ ಇವ್ರ ಮನೇಲಿ ಯಾರು ಬದುಕಿದ್ದು ಅಂತ ಸಂಕಟ ಆಯ್ತು.

ಮೂಲೇಲಿ ಅವರೆಕಾಯಿ ಸುಲೀತಿದ್ದ ಅತ್ತೆ ತಲೆ ಎತ್ತದೆ ಅಂದ್ರು: “ಚಲುವಮ್ಮ ಅಂತ ಬರ್ಕಳಪ್ಪ. ಹೆಣ್ಣು ನೋಡಕ್ಕೋದಾಗ ನಿನ್ನೆಸ್ರೇನವ್ವ ಅಂತ ಕೇಳಿದ್ದೇ ನಾನು.”

ಮೇಷ್ಟ್ರು ಕೆಂಪು ಪೆನ್ನಲ್ಲಿ ತಿದ್ದುದ್ರು. ಅಬ್ಬಾ! ಅಲ್ಲೇ ಕುಣಿಯಂಗಾಯ್ತು ನನಗೆ. ಮೇಷ್ಟ್ರು ಮುಂದಿನ ಸಾಲು ಓದುದ್ರು: “ಮಾಕವಳ್ಳಮ್ಮ, ವಯಸ್ಸು ಅರವತ್ತೆಂಟು. ಇದು ಸರಿನಾ?”

ಊರೆಲ್ಲ ಅತ್ತೇನ ಕರೆಯೋದೇ ಅಂಗೆ. “ಸರಿ ಸರಿ, ಅದೇನ್ ತಿದ್ದಂಗಿಲ್ಲ” ಅಂದೆ ನಾನೇ, ಗೆದ್ದ ಖುಷೀಲಿ.

ಅತ್ತೆ ಕೈ ನಿಂತೋಯ್ತು.

“ಮಾಕವಳ್ಳಿ ನನ್ ತವರು ಕಣವ್ವ” ಅಂದ್ರು. “ನನ್ನೆಸ್ರು ಪುಟ್ಟತಾಯಮ್ಮ.”

ನಮ್ಮನೆಯೋರು ಅವರವ್ವನ ಮುಖಾನೇ ನೋಡ್ತಾ ನಿಂತ್ರು. ಮುದ್ದಯ್ಯನೂ ನಗಲಿಲ್ಲ. ಇಪ್ಪತ್ತೆರಡು ವರ್ಷ ಆಯಮ್ಮನ ತಟ್ಟೆಗೆ ಮುದ್ದೆ ಇಕ್ಕಿದೀನಿ, ಜಡೆ ಹಾಕಿದೀನಿ, ಜಗಳಾನೂ ಆಡಿದೀನಿ. ಒಂದಿನಾನೂ ಕೇಳಿರ್ಲಿಲ್ಲ ನಾನು. ನಾಚಿಕೆಗೆ ಮುಖ ಎತ್ತಕ್ಕಾಗಲಿಲ್ಲ.

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕ್ತಿದ್ರು.

“ಮುಚ್ಬೇಡಿ ಮೇಷ್ಟ್ರೇ” ಅಂದೆ. “ಬರ್ಕಳಿ, ಪುಟ್ಟತಾಯಮ್ಮ. ಸೊಸೆ ಯೋಳ್ತಾವ್ಳೆ.”